ಒಂದು ಚೊಂಬು ನೀರಿನಲ್ಲಿ ಕಡುಬು

ಗೌರಿ–ಗಣೇಶ ಹಬ್ಬ ಹತ್ತಿರ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಈ ಸಲ ಕಡುಬು ಕರಿಯೋದಾ, ಬೇಯಿಸೋದಾ?’ ಮಕ್ಕಳ ಓಟು ಕರಿದದ್ದಕ್ಕೆ. ಎಣ್ಣೆಯಲ್ಲಿ ಕೆಂಪಗೆ ಬೆಂದ ಕರಿಗಡುಬು ಗರಿಗರಿ, ನಾಲ್ಕು ದಿನ ಡಬ್ಬದಲ್ಲಿಟ್ಟರೂ ಕೆಡುವುದಿಲ್ಲ. ಹಿರಿಯರ ಮಾತು ಬೇರೆ. ಗಣಪನ ಎಡೆಗೆ ಹಬೆಯಲ್ಲಿ ಬೆಂದದ್ದು ಆಗಲೇಬೇಕು, ಕರಿದದ್ದು ಏನಿದ್ದರೂ ಆಮೇಲೆ. ನಾಗರಪಂಚಮಿಯಲ್ಲಂತೂ ಈ ಚರ್ಚೆಗೇ ಜಾಗವಿಲ್ಲ. ಆ ದಿನ ಒಲೆಯ ಮೇಲೆ ಬಾಣಲೆ ಇಡದ, ಒಗ್ಗರಣೆ ಕೂಡ ಹಾಕದ ಮನೆಗಳು ಇಂದಿಗೂ ಇವೆ. ಅಂದಿನ ಅಡುಗೆಯೆಲ್ಲ ಹಬೆಯದೇ.

ಮೂರು ದಿಕ್ಕಿನಲ್ಲಿ ಆಂಧ್ರವೇ ಸುತ್ತಿಕೊಂಡಿರುವ ಪಾವಗಡದ ತೆಲುಗು ಮನೆಗಳಲ್ಲಿ ಇದಕ್ಕೆ ಕುಡುಮುಲು ಎನ್ನುತ್ತಾರೆ. ತಮಿಳರದು ಕೊಳುಕಟ್ಟೈ, ಮರಾಠಿಗರದು ಉಕಡೀಚೆ ಮೋದಕ. ಬಂಗಾಳ ಕೊಲ್ಲಿಯ ದಂಡೆಯುದ್ದಕ್ಕೂ ಬಡಗಣಕ್ಕೆ ಹೋದರೆ ಒಡಿಶಾದಲ್ಲಿ ಮಂಡಾ ಪಿಠಾ. ಅಲ್ಲಿ ಮಾರ್ಗಶಿರ ಮಾಸದ ಗುರುವಾರಗಳಂದು ಹೆಂಗಸರು ಅಳತೆಯ ಮಾಣದಲ್ಲಿ ಹೊಸ ಭತ್ತ ತುಂಬಿ ಲಕ್ಷ್ಮಿಯನ್ನು ಪೂಜಿಸುತ್ತಾರೆ. ಆ ‘ಮಾಣಬಸಾ’ ಪೂಜೆಯ ನೈವೇದ್ಯಗಳಲ್ಲಿ ಮಂಡಾ ಕೂಡ ಒಂದು. ಅಕ್ಕಿಹಿಟ್ಟಿನ ಕಣಕ, ಒಳಗೆ ಕಾಯಿ–ಬೆಲ್ಲದ ಹೂರಣ, ಸುತ್ತ ಹಬೆ. ನಮ್ಮ ಕಡುಬು ಅರ್ಧಚಂದ್ರ, ಅವರ ಮಂಡಾ ದುಂಡಗೆ. ವ್ಯತ್ಯಾಸ ಬಹುಪಾಲು ಅಷ್ಟೇ.

ಮಂಡಾದ ಊರು ಭತ್ತದ ಬಯಲು, ಮಳೆಯ ನಾಡು. ನಮ್ಮ ಈ ನಾಲ್ಕು ತಾಲ್ಲೂಕು ಬರಪೀಡಿತ ಪಟ್ಟಿಯಲ್ಲಿ ಕಾಯಂ ಹೆಸರು. ಆದರೂ ಇಲ್ಲಿಯ ಹಬ್ಬಕ್ಕೆ ಅಕ್ಕಿಯ, ಹಬೆಯ ತಿಂಡಿಯೇ ಬೇಕು. ಇದು ವಿಚಿತ್ರ ಎನಿಸಬಹುದು. ಲೆಕ್ಕ ಹಾಕಿ ನೋಡಿದರೆ ಹಾಗಲ್ಲ. ಕಡುಬು ಪೂರ್ತಿ ನೀರಿನ ಕೆಲಸ, ಆದರೆ ಅದಕ್ಕೆ ಬೇಕಾದ ನೀರು ತೀರಾ ಕಡಿಮೆ. ಹಿಟ್ಟಿನೊಳಗೆ ಹೊಕ್ಕ ನೀರು, ಬೆಲ್ಲ ಎಳೆದುಕೊಂಡ ನೀರು, ಹಬೆಯಾಗಿ ಎದ್ದು ಹನಿಯಾಗಿ ಕೂತ ನೀರು, ರಾತ್ರಿ ಕಳೆಯುವುದರೊಳಗೆ ಜಾಗ ಬಿಟ್ಟ ನೀರು: ಈ ನಾಲ್ಕರ ಲೆಕ್ಕ ಸರಿಹೋದರೆ ಕಡುಬು. ಒಂದು ತಪ್ಪಿದರೂ ಸೀಳಿದ ಕಣಕ, ಸೋರಿದ ಪಾಕ. ಒಂದೊಂದನ್ನಾಗಿ ನೋಡೋಣ.

ಅಕ್ಕಿಯ ಮುದ್ದೆ

ಇದು ರಾಗಿಯ ಸೀಮೆ. ರಾಗಿ, ನವಣೆ, ಸಾಮೆ, ಹುರುಳಿ, ಆಮೇಲೆ ಬಂದ ಕಡಲೆಕಾಯಿ ಇಲ್ಲಿಯ ಹೊಲದ ಬೆಳೆಗಳು. ಭತ್ತವೇನಿದ್ದರೂ ಕೆರೆ ತುಂಬಿದ ವರ್ಷ ಕೆರೆಯ ಹಿಂದಿನ ಗದ್ದೆಯಲ್ಲಿ. ಪಡಿತರದ ಅಕ್ಕಿ ಮನೆಮನೆಗೆ ಬರುವ ಮುಂಚೆ ಅನ್ನ ಎಂದರೆ ಹಬ್ಬ ಅಥವಾ ನೆಂಟರು. ಹಾಗಾಗಿ ಅಕ್ಕಿಯ ಕಡುಬಿಗೆ ಹಬ್ಬದ ಪದವಿ ಸಿಕ್ಕಿದ್ದು ಸಹಜವೇ. 2013ರ ಅನ್ನಭಾಗ್ಯದ ನಂತರ ಅಕ್ಕಿ ದಿನದ ಊಟವಾಯಿತು, ಕಡುಬು ಮಾತ್ರ ಹಬ್ಬದಲ್ಲೇ ಉಳಿಯಿತು.

ಅಕ್ಕಿಯಲ್ಲಿ ಒಂದು ತೊಡಕಿದೆ. ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ಅದರ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ಕೊಂಡಿ ಹಾಕಿಕೊಂಡು ಗ್ಲುಟೆನ್ ಜಾಲವಾಗುತ್ತವೆ. ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಈ ಜಾಲ ಇರುವುದರಿಂದಲೇ ಒಬ್ಬಟ್ಟಿನ ಕಣಕವನ್ನು ಕಾಗದದಷ್ಟು ತೆಳುವಾಗಿ ತಟ್ಟಬಹುದು. ಅಕ್ಕಿಯಲ್ಲೂ ಶೇ. 7ರ ಆಸುಪಾಸು ಪ್ರೋಟೀನು ಇದೆ, ಆದರೆ ಅದು ಇಂಥ ಜಾಲ ಕಟ್ಟುವ ಜಾತಿಯದಲ್ಲ. ಅಕ್ಕಿಹಿಟ್ಟಿಗೆ ತಣ್ಣೀರು ಹಾಕಿ ಎಷ್ಟು ನಾದಿದರೂ ಕಣಕ ಒತ್ತಿದಲ್ಲಿ ಬಿರಿಯುತ್ತದೆ.

ಪ್ರೋಟೀನು ಕೈಕೊಟ್ಟಲ್ಲಿ ಪಿಷ್ಟವನ್ನು ಕೆಲಸಕ್ಕೆ ಹಚ್ಚಬೇಕು. ಅಕ್ಕಿಯ ಪಿಷ್ಟದ ಕಣಗಳು ಧಾನ್ಯಗಳಲ್ಲೇ ಅತಿ ಸಣ್ಣವು, ಹೆಚ್ಚಿನವು 3ರಿಂದ 8 ಮೈಕ್ರೋಮೀಟರ್. ಒಂದು ಮಿಲಿಮೀಟರ್ ಜಾಗದಲ್ಲಿ ಇನ್ನೂರನ್ನು ಸಾಲಾಗಿ ನಿಲ್ಲಿಸಬಹುದು. ಒಂದೊಂದು ಕಣದೊಳಗೂ ಎರಡು ಬಗೆಯ ಉದ್ದನೆಯ ಅಣುಗಳು ಒತ್ತೊತ್ತಾಗಿ ಕೂತಿವೆ: ನೇರ ಸರಪಳಿಯ ಅಮೈಲೋಸ್, ಕವಲೊಡೆದ ಅಮೈಲೋಪೆಕ್ಟಿನ್. ತಣ್ಣೀರಿಗೆ ಈ ಕೋಟೆಯೊಳಗೆ ಹೆಚ್ಚು ಪ್ರವೇಶವಿಲ್ಲ. ನೀರು 65–75 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಳಗಿನ ಜೋಡಣೆ ಸಡಿಲಾಗುತ್ತದೆ, ಕಣ ನೀರು ಕುಡಿದು ಉಬ್ಬುತ್ತದೆ, ಅಮೈಲೋಸ್ ಹೊರಗೆ ಸೋರಿ ಕಣ ಕಣಗಳ ನಡುವೆ ಅಂಟಾಗುತ್ತದೆ. ಬಿಳಿ ಹಿಟ್ಟು ತುಸು ಪಾರದರ್ಶಕವಾಗಿ ಹೊಳೆಯುವುದು ಆಗಲೇ. ವಿಜ್ಞಾನಿಗಳು ಇದನ್ನು ಜೆಲಟಿನೀಕರಣ ಎನ್ನುತ್ತಾರೆ.

ಮುದ್ದೆ ತೊಳಸುವ ಕೈಗೆ ಇದೆಲ್ಲ ಹೊಸದಲ್ಲ. ಎಸರು ಮರಳಬೇಕು, ಹಿಟ್ಟು ಸುರಿದು ಕೆದಕದೆ ಸ್ವಲ್ಪ ಹೊತ್ತು ಬೇಯಲು ಬಿಡಬೇಕು, ಆಮೇಲೆ ಕೋಲಿನಿಂದ ಗಂಟಿಲ್ಲದ ಹಾಗೆ ತೊಳಸಬೇಕು. ಕಡುಬಿನ ಕಣಕಕ್ಕೂ ಇದೇ ಕ್ರಮ. ಒಂದು ಲೋಟ ಹಿಟ್ಟಿಗೆ ಸುಮಾರು ಅಷ್ಟೇ ನೀರು, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ ಅಥವಾ ತುಪ್ಪ. ಮರಳುವ ನೀರಿಗೆ ಹಿಟ್ಟು ಹಾಕಿ, ಉರಿ ಇಳಿಸಿ, ಮುಚ್ಚಿಟ್ಟು, ಕೈ ತಡೆಯುವಷ್ಟು ಬಿಸಿ ಇರುವಾಗಲೇ ನಾದುವುದು. ಹೀಗೆ ನಾದುವಾಗ ಉಬ್ಬಿದ ಕಣಗಳ ನಡುವೆ ಅಮೈಲೋಸಿನ ಅಂಟು ಸಮನಾಗಿ ಹರಡುತ್ತದೆ. ಆರಿದ ಮೇಲೆ ನಾದಿದರೆ ಅಂಟು ಆಗಲೇ ಗಟ್ಟಿಯಾಗಿರುತ್ತದೆ, ಅಂಚು ಮಡಿಸುವಾಗ ಬಿರುಕು ಕಾಣುತ್ತದೆ. ಈ ಸೀಮೆಯ ಒತ್ತುಶ್ಯಾವಿಗೆಯೂ ಇದೇ ವಿದ್ಯೆ. ಬೆಂದ ಹಿಟ್ಟಿನುಂಡೆಯನ್ನು ಬಿಸಿಯಿರುವಾಗಲೇ ಒರಳಿಗೆ ಹಾಕಿ ಒತ್ತಿದರೆ ಎಳೆ ಉದ್ದಕ್ಕೆ ಬರುತ್ತದೆ, ಆರಿದರೆ ತುಂಡಾಗುತ್ತದೆ.

ಅಕ್ಕಿ ತೊಳೆದು, ನೆನೆಸಿ, ಬಟ್ಟೆಯ ಮೇಲೆ ನೆರಳಿನಲ್ಲಿ ಆರಿಸಿ, ಇನ್ನೂ ತುಸು ತೇವವಿರುವಾಗ ಹಿಟ್ಟು ಮಾಡಿಸುವ ಪದ್ಧತಿ ಹಳೆಯದು. ಇದಕ್ಕೂ ಕಾರಣವಿದೆ. ಒಣ ಅಕ್ಕಿಯನ್ನು ಮಿಲ್ಲಿನ ಕಲ್ಲುಗಳ ನಡುವೆ ಬೀಸಿದಾಗ ಶಾಖ, ತಿಕ್ಕಾಟಗಳಿಗೆ ಪಿಷ್ಟದ ಕಣಗಳೇ ಒಡೆಯುತ್ತವೆ. ಒಡೆದ ಕಣ ಸಿಕ್ಕಾಪಟ್ಟೆ ನೀರು ಹೀರಿ ಕಣಕವನ್ನು ಒಂದು ಕಡೆ ಅಂಟು, ಇನ್ನೊಂದು ಕಡೆ ಒರಟು ಮಾಡುತ್ತದೆ. ನೆನೆದ ಅಕ್ಕಿ ಮೆತ್ತಗಿರುವುದರಿಂದ ಕಣಗಳು ಪೆಟ್ಟು ತಿನ್ನದೆ ಬಿಡಿಬಿಡಿಯಾಗುತ್ತವೆ, ಹಿಟ್ಟು ನಯವಾಗುತ್ತದೆ.

ಬೆಲ್ಲದ ಬಾಯಾರಿಕೆ

ಹೂರಣದ ಕಡೆ ತಿರುಗೋಣ. ತುರಿದ ಹಸಿ ಕಾಯಿಗೆ ಪುಡಿಬೆಲ್ಲ ಬೆರೆಸಿ ಐದು ನಿಮಿಷ ಬಿಡಿ. ಒಂದು ಹನಿ ನೀರು ಹಾಕದಿದ್ದರೂ ಪಾತ್ರೆಯ ತಳದಲ್ಲಿ ಕಂದು ರಸ ನಿಂತಿರುತ್ತದೆ. ಹಸಿ ಕೊಬ್ಬರಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ, ಮೂರನೇ ಒಂದು ಪಾಲು ಕೊಬ್ಬು. ಬೆಲ್ಲದಲ್ಲಿ ಹೆಚ್ಚಿನದೆಲ್ಲ ಸಕ್ಕರೆ. ತುರಿಯ ಕೋಶಗಳ ಹೊರಗೆ ಸಕ್ಕರೆ ದಟ್ಟವಾಗಿ ಕೂತಾಗ ಒಳಗಿನ ನೀರು ಕೋಶದ ಪೊರೆ ದಾಟಿ ಹೊರಕ್ಕೆ ಹರಿಯುತ್ತದೆ. ಅಭಿಸರಣೆ ಎಂದು ಹೈಸ್ಕೂಲಿನಲ್ಲಿ ಓದಿದ್ದು ಇದೇ.

ಹೀಗೆ ರಸ ಬಿಟ್ಟ ಹೂರಣವನ್ನು ಹಾಗೆಯೇ ತುಂಬಿದರೆ ಹಬೆಯಲ್ಲಿ ಅದು ಇನ್ನೂ ತೆಳ್ಳಗಾಗಿ ಅಂಚಿನಿಂದ ಸೋರುತ್ತದೆ. ಅದಕ್ಕೇ ಸಣ್ಣ ಉರಿಯಲ್ಲಿ ಮಗುಚುತ್ತಾ ನೀರು ಓಡಿಸುವುದು. ಪಾಕ ಗಟ್ಟಿಯಾದಂತೆ ಅದರ ಕುದಿಬಿಂದು ಏರುತ್ತಾ ಹೋಗುತ್ತದೆ. ಅಂದರೆ ಪಾಕದ ಬಿಸಿ ಎಷ್ಟು ಎನ್ನುವುದೇ ಅದರಲ್ಲಿ ಎಷ್ಟು ನೀರು ಉಳಿದಿದೆ ಎನ್ನುವುದರ ಅಳತೆ. ಮಿಠಾಯಿ ಕಾರ್ಖಾನೆಯಲ್ಲಿ ಥರ್ಮಾಮೀಟರು ಮಾಡುವ ಈ ಕೆಲಸವನ್ನು ಮನೆಯಲ್ಲಿ ಹೆಬ್ಬೆರಳು–ತೋರುಬೆರಳು ಮಾಡುತ್ತವೆ. ಎಳೆ ಬಂತೇ, ಉಂಡೆ ನಿಂತೀತೇ? ಕಡುಬಿಗೆ ಬೇಕಾದದ್ದು ತಳ ಬಿಟ್ಟು ಬರುವ, ಉಂಡೆ ಕಟ್ಟಿದರೆ ನಿಲ್ಲುವ ಹದ. ಅದಕ್ಕಿಂತ ಮುಂದೆ ಹೋದರೆ ಆರಿದ ಮೇಲೆ ಹೂರಣ ಕಲ್ಲಾಗುತ್ತದೆ.

ಹುರಿದ ಗಸಗಸೆ, ಎಳ್ಳು, ಹುರಿಗಡಲೆ ಪುಡಿ ಸೇರಿಸುವುದು ಬರೀ ರುಚಿಗಲ್ಲ. ಅವು ಒಣ ಪದಾರ್ಥ, ಉಳಿದ ರಸವನ್ನು ಹೀರಿಕೊಳ್ಳುತ್ತವೆ. ಪಾವಗಡ, ಶಿರಾ, ಮಧುಗಿರಿಗಳಂಥ ಕಡಲೆಕಾಯಿ ಸೀಮೆಯಲ್ಲಿ ಹುರಿದು ತರಿಯಾಗಿ ಕುಟ್ಟಿದ ಕಡಲೆಬೀಜವೂ ಇದೇ ಕೆಲಸಕ್ಕೆ ಒದಗುತ್ತದೆ. ಅದರ ಸುಮಾರು ಅರ್ಧ ತೂಕ ಎಣ್ಣೆಯೇ ಆಗಿರುವುದರಿಂದ ಹೂರಣ ಒಣಕಲೂ ಆಗುವುದಿಲ್ಲ. ಬೇಳೆ ಹೂರಣ ಮಾಡುವವರು ಇನ್ನೂ ಜಾಣರು. ಬೇಳೆ ಬೆಂದ ನೀರನ್ನು ಮೊದಲೇ ಬಸಿದುಬಿಡುತ್ತಾರೆ, ಹೂರಣ ನೀರಾಗುವ ಭಯವಿಲ್ಲ. ಬಸಿದ ಕಟ್ಟು ಚರಂಡಿಗೆ ಹೋಗುವುದಿಲ್ಲ, ಒಬ್ಬಟ್ಟಿನ ಸಾರಾಗಿ ಅನ್ನದ ಮೇಲೆ ಬೀಳುತ್ತದೆ.

ಏಲಕ್ಕಿ ಪುಡಿ ಕೊನೆಗೆ. ಅದರ ಘಮದ ಮುಖ್ಯ ಪಾಲುದಾರ ಸಿನಿಯೋಲ್. ಅದರ ಕುದಿಬಿಂದು 176 ಡಿಗ್ರಿ, ಹಾಗಿದ್ದೂ ನೀರಿನ ಹಬೆಯ ಜತೆ ಸಲೀಸಾಗಿ ಹಾರಿಹೋಗುತ್ತದೆ. ನೀಲಗಿರಿ ಎಣ್ಣೆ ಭಟ್ಟಿ ಇಳಿಸುವುದೂ ಈ ಗುಣದಿಂದಲೇ. ಕರಾವಳಿಯವರು ಇದನ್ನೇ ತಿರುಗಿಸಿ ಬಳಸುತ್ತಾರೆ. ನಾಗರಪಂಚಮಿಗೆ ಅರಿಶಿನದ ಎಲೆಯಲ್ಲಿ ಮಡಚಿ ಕಡುಬು ಬೇಯಿಸುತ್ತಾರಲ್ಲ, ಅಲ್ಲಿ ಎಲೆಯ ಪರಿಮಳ ತೈಲವನ್ನು ಹಬೆ ಹೊರತೆಗೆದು ಹಿಟ್ಟಿಗೆ ಹತ್ತಿಸುತ್ತದೆ. ಒಡಿಶಾದ ಪ್ರಥಮಾಷ್ಟಮಿಯ ಎಂಡುರಿ ಪಿಠಾ ಕೂಡ ಅರಿಶಿನದ ಎಲೆಯಲ್ಲೇ ಬೇಯುವುದು. ಎರಡು ಕರಾವಳಿಗಳ ನಡುವೆ ಇಡೀ ದಖನ್ ಪ್ರಸ್ಥಭೂಮಿ ಇದ್ದರೂ ಘಮ ಒಂದೇ.

ಹಬೆ ತೀರಿಸುವ ಸಾಲ

ಈಗ ಮುಖ್ಯ ಪಾತ್ರಧಾರಿ. ಕುದಿಯುವ ನೀರಿನ ಬಿಸಿ, ಅದರ ಮೇಲಿನ ಹಬೆಯ ಬಿಸಿ ಒಂದೇ. ಆದರೂ ಬಿಸಿನೀರು ತಾಗಿದ್ದಕ್ಕಿಂತ ಹಬೆ ತಾಗಿದ ಬೊಬ್ಬೆ ಘೋರ. ಏಕೆ?

ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಇದನ್ನು ಬಿಡಿಸಿದ. ನೀರು ಕುದಿಯಲು ಶುರುವಾದ ಮೇಲೆ ಎಷ್ಟು ಉರಿ ಹಾಕಿದರೂ ಥರ್ಮಾಮೀಟರು ಮೇಲೇರುವುದಿಲ್ಲ. ಶಾಖ ಹೋಗುತ್ತಿದೆ, ಬಿಸಿ ಏರುತ್ತಿಲ್ಲ. ಆ ಶಾಖವೆಲ್ಲ ನೀರಿನ ಅಣುಗಳನ್ನು ಒಂದಕ್ಕೊಂದು ಬಿಡಿಸಿ ಆವಿ ಮಾಡಲು ಖರ್ಚಾಗುತ್ತದೆ. ಇದಕ್ಕೆ ಗುಪ್ತೋಷ್ಣ ಎಂದು ಹೆಸರು. ಒಂದು ಗ್ರಾಂ ನೀರನ್ನು 25 ಡಿಗ್ರಿಯಿಂದ 100ಕ್ಕೆ ಏರಿಸಲು 75 ಕ್ಯಾಲೊರಿ ಸಾಕು. ಅದೇ ಒಂದು ಗ್ರಾಮನ್ನು ಆವಿ ಮಾಡಲು ಸುಮಾರು 540 ಕ್ಯಾಲೊರಿ ಬೇಕು. ಹಬೆ ಈ ಶಾಖವನ್ನು ಒಲೆಯಿಂದ ಸಾಲ ತಂದ ಹಾಗೆ. ತಣ್ಣಗಿನ ಕಡುಬು ಸಿಕ್ಕಿದ ಕೂಡಲೇ ಅದರ ಮೈಮೇಲೆ ಹನಿಯಾಗಿ ಕೂತು ಅಷ್ಟನ್ನೂ ತೀರಿಸಿಬಿಡುತ್ತದೆ.

ಒಂದು ಕಡುಬಿನ ಲೆಕ್ಕ ಹಾಕೋಣ. ತೂಕ 50 ಗ್ರಾಂ ಇರಲಿ. ಹಿಟ್ಟು, ಬೆಲ್ಲ, ಕಾಯಿ ಕಲೆತ ಈ ಪದಾರ್ಥದ ಒಂದು ಗ್ರಾಮನ್ನು ಒಂದು ಡಿಗ್ರಿ ಏರಿಸಲು ಸುಮಾರು 0.7 ಕ್ಯಾಲೊರಿ ಬೇಕೆಂದುಕೊಳ್ಳಿ. 30 ಡಿಗ್ರಿಯಿಂದ 95ಕ್ಕೆ ಹೋಗಲು 65 ಡಿಗ್ರಿ. 50 × 0.7 × 65, ಅಂದರೆ 2,275 ಕ್ಯಾಲೊರಿ. ಇದನ್ನು 540ರಿಂದ ಭಾಗಿಸಿದರೆ ನಾಲ್ಕು ಗ್ರಾಂ ಚಿಲ್ಲರೆ. ಒಂದು ಕಡುಬು ಬೇಯಲು ಒಂದು ಚಮಚಕ್ಕೂ ಕಡಿಮೆ ನೀರು ಹಬೆಯಾಗಿ ಬಂದು ಕೂತರೆ ಸಾಕು! ಎರಡು ಡಜನ್ ಕಡುಬಿಗೆ 100 ಗ್ರಾಂ, ಅಂದರೆ ಅರ್ಧ ಲೋಟ. ಪಾತ್ರೆ, ತಟ್ಟೆ, ಮುಚ್ಚಳ ಬಿಸಿಯಾಗಲು ಇನ್ನಷ್ಟು ಸೇರಿಸಿ. ಏನೇ ಆದರೂ ಒಂದು ಚೊಂಬು ದಾಟುವುದಿಲ್ಲ.

ಹಾಗಾದರೆ ಹಬ್ಬದ ದಿನ ಅಡುಗೆಮನೆಯ ಗೋಡೆಯೆಲ್ಲ ಏಕೆ ಬೆವರುತ್ತದೆ? ಮನೆಯ ಗ್ಯಾಸ್ ಒಲೆ ದೊಡ್ಡ ಉರಿಯಲ್ಲಿ ನಿಮಿಷಕ್ಕೆ ಸುಮಾರು 30 ಗ್ರಾಂ ನೀರನ್ನು ಹಬೆ ಮಾಡಬಲ್ಲದು. ಕಾಲು ಗಂಟೆಗೆ ಹತ್ತಿರ ಹತ್ತಿರ ಅರ್ಧ ಲೀಟರು. ಅದರಲ್ಲಿ ಕಡುಬಿಗೆ ಬೇಕಾದದ್ದು ಅರ್ಧ ಲೋಟ. ಉಳಿದದ್ದು ಸಂದಿಯಿಂದ ಹೊರಬಿದ್ದು ಗೋಡೆಗೆ ಸಾಲ ತೀರಿಸುತ್ತದೆ. ಹಬೆ ಚೆನ್ನಾಗಿ ಬಂದ ಮೇಲೆ ಉರಿ ತಗ್ಗಿಸಿದರೆ ಕಡುಬು ನಿಧಾನವಾಗುವುದಿಲ್ಲ. ಪಾತ್ರೆಯೊಳಗೆ ಹಬೆ ತುಂಬಿರುವ ತನಕ ಒಳಗಿನ ಬಿಸಿ ಅಷ್ಟೇ ಇರುತ್ತದೆ, ಉಳಿಯುವುದು ಸಿಲಿಂಡರು.

ಮೊದಲೇ ಇಡದೆ ‘ಹಬೆ ಬಂದ ಮೇಲೆ ಇಡು’ ಎನ್ನುವುದಕ್ಕೂ ಅರ್ಥವಿದೆ. ಶುರುವಿನಲ್ಲಿ ಪಾತ್ರೆಯೊಳಗೆ ಗಾಳಿ ಇರುತ್ತದೆ. ಗಾಳಿ ಹನಿಯಾಗುವುದಿಲ್ಲ. ಕಡುಬಿನ ಮೈಸುತ್ತ ತೆಳು ಪದರವಾಗಿ ನಿಂತು ಹಬೆಯನ್ನು ತಡೆಯುತ್ತದೆ. ಒಂದು ಗ್ರಾಂ ಗಾಳಿ ಒಂದು ಡಿಗ್ರಿ ತಣಿದರೆ ಕೊಡುವುದು ಕಾಲು ಕ್ಯಾಲೊರಿಗೂ ಕಡಿಮೆ. ಮರಳುವ ನೀರಿನ ಹಬೆ ಗಾಳಿಯನ್ನು ಹೊರದೂಡಿದ ಮೇಲೆ ತಟ್ಟೆ ಇಟ್ಟರೆ ಕಣಕದ ಹೊರಮೈ ತಟ್ಟನೆ ಬೆಂದು ಬಿಗಿಯಾಗುತ್ತದೆ, ಹೂರಣ ಇಳಿಯುವ ಮುಂಚೆಯೇ ಬಾಗಿಲು ಮುಚ್ಚಿರುತ್ತದೆ.

ಆಕಾರದ ಮಾತೂ ಇಲ್ಲೇ. ಹೊರಮೈಗೆ ಬಂದ ಶಾಖ ಒಳಗೆ ಹೋಗುವುದು ನಿಧಾನ. ದಪ್ಪ ಎರಡರಷ್ಟಾದರೆ ಬೇಯುವ ಹೊತ್ತು ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು. ಚಪ್ಪಟೆ ಅರ್ಧಚಂದ್ರ ಕಡುಬು ಹತ್ತು–ಹನ್ನೆರಡು ನಿಮಿಷಕ್ಕೆ ಸಿದ್ಧ, ದುಂಡನೆಯ ಮಂಡಾ ಇನ್ನೂ ಸ್ವಲ್ಪ ಕಾಯಬೇಕು. ಕಣಕ ಮೊದಲೇ ಒಂದು ಸಲ ಎಸರಿನಲ್ಲಿ ಬೆಂದಿರುವುದು, ಹೂರಣ ಬಾಣಲೆಯಿಂದ ಬಂದಿರುವುದು ಎರಡಕ್ಕೂ ಅನುಕೂಲ.

ಇನ್ನು ಬೆಟ್ಟದ ಪ್ರಶ್ನೆ. ಸಮುದ್ರ ಮಟ್ಟದಲ್ಲಿರುವ ಪುರಿಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ತಗ್ಗಿ, ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ನಮ್ಮ ನಾಲ್ಕು ಪಟ್ಟಣಗಳು 600ರಿಂದ 800 ಮೀಟರ್ ಎತ್ತರದವು, ಅಲ್ಲಿಯ ಹಬೆ 97–98 ಡಿಗ್ರಿ. ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿ ಸುಮಾರು 1,200 ಮೀಟರ್, ಅಲ್ಲಿ ಒಲೆ ಹೂಡಿದರೆ 96. ಬೇಳೆ ಬೇಯಿಸುವವರಿಗೆ ಈ ವ್ಯತ್ಯಾಸ ತಿಳಿಯುತ್ತದೆ. ಕಡುಬಿಗೆ ತಿಳಿಯುವುದೇ ಇಲ್ಲ. ಅಕ್ಕಿಯ ಪಿಷ್ಟಕ್ಕೆ ಬೇಕಾದದ್ದು 75, ಅದು ಬೆಟ್ಟದ ನೆತ್ತಿಯಲ್ಲೂ ಧಾರಾಳ. ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದರೆ ಇದೇ ನಾಲ್ಕು ತಾಲ್ಲೂಕು. ಶಾಲೆಯ ಮಕ್ಕಳು ಒಂದೊಂದು ಊರಿನಲ್ಲಿ ಒಂದೇ ದಿನ ಕುದಿನೀರಿಗೆ ಥರ್ಮಾಮೀಟರು ಹಿಡಿದು ಪಟ್ಟಿ ಮಾಡಿದರೆ ಚೆಂದದ ಪ್ರಯೋಗ.

ಹಬೆಯ ಬಿಸಿಗೆ ಮೇಲ್ಮಿತಿ ಇರುವುದರಿಂದಲೇ ಕಡುಬು ಬಿಳಿಯಾಗಿ ಉಳಿಯುತ್ತದೆ. ಕರಿಗಡುಬನ್ನು ಕೆಂಪಾಗಿಸುವುದು ಸಕ್ಕರೆ–ಪ್ರೋಟೀನುಗಳ ನಡುವಿನ ಮೈಯಾರ್ ಕ್ರಿಯೆ. ಅದು ಜೋರಾಗುವುದು ಮೇಲ್ಮೈ ಒಣಗಿ 140 ಡಿಗ್ರಿಯ ಆಚೆ ಹೋದಾಗ. ಎಣ್ಣೆ 170–180ರಲ್ಲಿದ್ದಾಗ ಹಿಟ್ಟಿನ ನೀರು ಗುಳ್ಳೆಗಳಾಗಿ ಓಡಿಹೋಗಿ ಅದಕ್ಕೆ ಅವಕಾಶವಾಗುತ್ತದೆ. ಹಬೆಯಲ್ಲಿ ಮೇಲ್ಮೈ ಸದಾ ಒದ್ದೆ, ಬಿಸಿ 98 ದಾಟದು. ಪ್ರೆಶರ್ ಕುಕ್ಕರಿನಲ್ಲಿ ವೆಯ್ಟ್ ಹಾಕಿ ಬೇಯಿಸಬಾರದು ಎನ್ನುವುದು ಬೇರೆ ಕಾರಣಕ್ಕೆ. ಒತ್ತಡದಲ್ಲಿ ಒಳಗಿನ ನೀರು 120 ಡಿಗ್ರಿ ಮುಟ್ಟಿರುತ್ತದೆ. ಒತ್ತಡ ಇಳಿಸಿದೊಡನೆ ಅದು ಕಣಕದೊಳಗೇ ಕುದಿದೆದ್ದು ಅಂಚನ್ನು ಸೀಳುತ್ತದೆ.

ಗುಪ್ತೋಷ್ಣದ ಇನ್ನೊಂದು ಮುಖ ನೋಡಬೇಕಾದರೆ ಮತ್ತೆ ಒಡಿಶಾಕ್ಕೆ ಹೋಗಬೇಕು. ಅಲ್ಲಿಯ ತಾಲ್ಚೇರ್‌ನಲ್ಲಿ 3,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. 2003ರಿಂದ ತಾಲ್ಚೇರ್–ಕೋಲಾರ ನಡುವೆ ಸಾವಿರ ಕಿಲೋಮೀಟರಿಗೂ ಉದ್ದದ ನೇರ ವಿದ್ಯುತ್ ಮಾರ್ಗ ಅಲ್ಲಿಯ ಕರೆಂಟನ್ನು ದಕ್ಷಿಣಕ್ಕೆ ತರುತ್ತಿದೆ. ಅಂಥ ಸ್ಥಾವರದಲ್ಲಿ ಹಬೆ ಟರ್ಬೈನು ತಿರುಗಿಸಿ ಮುಗಿದ ಮೇಲೆ ಅದನ್ನು ಮತ್ತೆ ನೀರು ಮಾಡಬೇಕು, ಆಗ ಹೊರಬರುವ ಗುಪ್ತೋಷ್ಣ ಶೀತಲ ಗೋಪುರದಿಂದ ಆಕಾಶಕ್ಕೆ ಹೋಗುತ್ತದೆ. ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಅರ್ಧ ಹೀಗೆ ಪೋಲು. ವಿದ್ಯುತ್ ಸ್ಥಾವರಕ್ಕೆ ಹೊರೆಯಾದ ಈ ಶಾಖವೇ ಕಡುಬಿಗೆ ಬಂಡವಾಳ. ಪಾವಗಡದ ತಿರುಮಣಿ ಸುತ್ತಲಿನ 2,050 ಮೆಗಾವಾಟ್ ಸೋಲಾರ್ ಪಾರ್ಕಿನಲ್ಲಿ ಈ ರಗಳೆಯೇ ಇಲ್ಲ. ಬೆಳಕು ನೇರ ಕರೆಂಟಾಗುತ್ತದೆ, ನೀರು ಬೇಕಾಗುವುದು ಫಲಕ ತೊಳೆಯಲು ಮಾತ್ರ. ಬರದ ಸೀಮೆಗೆ ಹೇಳಿ ಮಾಡಿಸಿದ್ದು.

ಪಾತ್ರೆಯ ತಳದಲ್ಲಿ ಉಳಿದದ್ದು

ಇನ್ನು ಹಬೆಯ ಪಾತ್ರೆಯ ಮಾತು. ಏಳನೇ ಶತಮಾನದಲ್ಲಿ ಭಾರತ ಸುತ್ತಿದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಇಲ್ಲಿ ಹಬೆಯ ಪಾತ್ರೆಗಳಿಲ್ಲ ಎಂದಿದ್ದ. ಕೊಳ್ಳೇಗಾಲದಲ್ಲಿ ಹುಟ್ಟಿದ ತೈಲ ರಸಾಯನ ವಿಜ್ಞಾನಿ, ಆಹಾರ ಚರಿತ್ರೆಕಾರ ಕೆ.ಟಿ. ಅಚಯ ಇದನ್ನು ಎತ್ತಿ ತೋರಿಸಿ, ಇಡ್ಲಿಯನ್ನು ಹಬೆಯಲ್ಲಿ ಬೇಯಿಸುವ ವಿದ್ಯೆ ಇಂಡೊನೇಷ್ಯಾದ ಕಡೆಯಿಂದ ಬಂದಿರಬಹುದೆಂದು ಊಹಿಸಿದರು. ಆದರೆ ಹಬೆಗೆ ತೂತಿನ ತಟ್ಟೆಯೇ ಬೇಕೆಂದಿಲ್ಲ. ಮಡಕೆಯ ಬಾಯಿಗೆ ಬಟ್ಟೆ ಬಿಗಿದರೆ ಅದೇ ತಟ್ಟೆ. ತಳಕ್ಕೆ ಭತ್ತದ ಹುಲ್ಲು ಒತ್ತಿ, ಅದು ಮುಳುಗದಷ್ಟು ನೀರು ಹಾಕಿ, ಮೇಲೆ ಕಡುಬು ಜೋಡಿಸಿದರೂ ಕೆಲಸ ಆಗುತ್ತದೆ. ಹುಲ್ಲು, ಬಟ್ಟೆ ಉತ್ಖನನದಲ್ಲಿ ಸುಲಭವಾಗಿ ಸಿಗುವ ವಸ್ತುಗಳಲ್ಲ. ಪಾತ್ರೆ ಇರಲಿಲ್ಲ ಎಂದರೆ ಹಬೆಯ ಅಡುಗೆಯೇ ಇರಲಿಲ್ಲ ಎಂದಾಗುವುದಿಲ್ಲ.

ಇಂದಿನ ಇಡ್ಲಿ ಪಾತ್ರೆಯ ತಳ ನೋಡಿ. ಕೊಳವೆಬಾವಿ ನೀರಿನ ಊರಾದರೆ ಬಿಳಿ ಹೊಪ್ಪಳೆ ಕಟ್ಟಿರುತ್ತದೆ, ಅಲ್ಯೂಮಿನಿಯಂ ಆದರೆ ಒಳಮೈ ಕಪ್ಪಾಗಿರುತ್ತದೆ. ಗ್ರಾನೈಟು, ನೈಸ್ ಶಿಲೆಗಳ ಬಿರುಕಿನಲ್ಲಿ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಕುದಿಸಿದಾಗ ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ತಳ ಹಿಡಿಯುತ್ತದೆ. ನೀರು ಕ್ಷಾರೀಯವಾಗುವುದರಿಂದ ಅಲ್ಯೂಮಿನಿಯಂ ಕಪ್ಪಾಗುತ್ತದೆ. ಇದಕ್ಕೆ ಮದ್ದು ಮನೆಯಲ್ಲೇ ಇದೆ: ಹಬೆಯ ನೀರಿಗೆ ಹಿಂಡಿದ ಹುಣಸೆಯ ಚರಟ. ಅದರ ಟಾರ್ಟಾರಿಕ್ ಆಮ್ಲ ಎರಡನ್ನೂ ತಡೆಯುತ್ತದೆ. ಈ ಆಮ್ಲ ಹಬೆಯೊಡನೆ ಏಳುವುದಿಲ್ಲ, ಹಾಗಾಗಿ ಕಡುಬಿಗೆ ಹುಳಿ ಹತ್ತುವುದಿಲ್ಲ. ಹುಣಸೆಯ ಬದಲು ವಿನೆಗರ್ ಹಾಕಿ ನೋಡಿ, ಅದರ ಅಸಿಟಿಕ್ ಆಮ್ಲ ಆವಿಯಾಗಿ ಇಡೀ ತಟ್ಟೆಗೆ ಹುಳಿವಾಸನೆ ಹಚ್ಚುತ್ತದೆ.

ತಳದಲ್ಲಿ ಉಳಿಯುವುದು ಸುಣ್ಣವೊಂದೇ ಅಲ್ಲ. ಪಾವಗಡ ತಾಲ್ಲೂಕಿನ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ನೀರು ಕುದಿಸಿದರೆ ಅದೂ ಹೋಗುತ್ತದೆ ಎಂಬ ನಂಬಿಕೆ ಉಂಟು, ಅದು ತಪ್ಪು. ಕುದಿಸಿದಾಗ ನೀರು ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿದು ಇನ್ನಷ್ಟು ದಟ್ಟವಾಗುತ್ತದೆ. ಮೇಲೆದ್ದ ಹಬೆಯಲ್ಲಿ ಮಾತ್ರ ಅದು ಇರುವುದಿಲ್ಲ. ಅಂದರೆ ಹಬೆಪಾತ್ರೆಗೆ ಯಾವ ನೀರು ಹಾಕಿದರೂ ಕಡುಬಿನ ಮೈಮೇಲೆ ಕೂರುವುದು ಭಟ್ಟಿ ಇಳಿಸಿದ ಶುದ್ಧ ನೀರು. ಆದರೆ ಕಣಕ ಕಲೆಸುವ ಎಸರು ನೇರ ಹೊಟ್ಟೆಗೆ ಹೋಗುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಬೇಕಾದದ್ದು ಅದಕ್ಕೆ. ಹಬೆಗೆ ಬೋರ್‌ವೆಲ್ ನೀರೇ ಸಾಕು.

ಮರುದಿನದ ಕಡುಬು

ಹಬ್ಬದ ಮಧ್ಯಾಹ್ನ ಬೆಣ್ಣೆಯಂತಿದ್ದ ಕಡುಬು ಮರುದಿನ ಬೆಳಿಗ್ಗೆ ಬಿರುಸಾಗಿರುತ್ತದೆ. ಒಣಗಿತು ಎಂದು ಬಿಡುತ್ತೇವೆ. ಮುಚ್ಚಿದ ಡಬ್ಬದಲ್ಲಿಟ್ಟು, ಒಂದು ಗ್ರಾಮೂ ನೀರು ಆರದ ಹಾಗೆ ನೋಡಿಕೊಂಡರೂ ಅದು ಗಟ್ಟಿಯಾಗಿಯೇ ಆಗುತ್ತದೆ. ಬೆಂದಾಗ ಚೆಲ್ಲಾಪಿಲ್ಲಿಯಾಗಿದ್ದ ಪಿಷ್ಟದ ಸರಪಳಿಗಳು ಆರುತ್ತಿದ್ದಂತೆ ಮತ್ತೆ ಸಾಲುಗಟ್ಟುತ್ತವೆ. ಅಮೈಲೋಸ್ ಕೆಲವೇ ಗಂಟೆಗಳಲ್ಲಿ, ಅಮೈಲೋಪೆಕ್ಟಿನ್ ದಿನಗಳ ಲೆಕ್ಕದಲ್ಲಿ. ಸಾಲಿನ ನಡುವೆ ಸಿಕ್ಕಿದ್ದ ನೀರು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಪಕ್ಕದಲ್ಲೇ ಬೆಲ್ಲ ಕಾದಿರುತ್ತದೆ, ಆ ನೀರಿನಲ್ಲಿ ಒಂದಷ್ಟನ್ನು ಎಳೆದುಕೊಳ್ಳುತ್ತದೆ. ಹೊರಗೆ ಕಣಕ ಗಟ್ಟಿ, ಒಳಗೆ ಹೂರಣ ಜಿನುಗು: ಎರಡೂ ಒಂದೇ ನೀರಿನ ವಲಸೆ.

ಫ್ರಿಜ್ ಈ ಸಾಲುಗಟ್ಟುವಿಕೆಯನ್ನು ನಿಲ್ಲಿಸುವುದಿಲ್ಲ, ಚುರುಕು ಮಾಡುತ್ತದೆ. ನೀರು ಹೆಪ್ಪುಗಟ್ಟದ 0–5 ಡಿಗ್ರಿಯಲ್ಲೇ ಅದು ಅತಿ ವೇಗ. ಕಣಕಕ್ಕೆ ಹಾಕಿದ ಒಂದು ಚಮಚ ಎಣ್ಣೆ ನೆನಪಿದೆಯೇ? ಅಮೈಲೋಸ್ ಸರಪಳಿ ಕೊಬ್ಬಿನ ಅಣುವನ್ನು ಸುರುಳಿಯಾಗಿ ಸುತ್ತಿಕೊಳ್ಳಬಲ್ಲದು. ಹಾಗೆ ಸುತ್ತಿಕೊಂಡದ್ದು ಸಾಲಿಗೆ ಸೇರಲು ತಡವಾಗುತ್ತದೆ. ಎಣ್ಣೆ ಕೈಗೆ ಅಂಟದಿರಲಿ ಎಂದು ಹಾಕಿದ್ದಾದರೂ ಸಂಜೆಯವರೆಗೆ ಕಡುಬು ಮೆತ್ತಗಿರುವುದಕ್ಕೂ ಅದು ನೆರವಾಗುತ್ತದೆ. ಗಟ್ಟಿಯಾದ ಕಡುಬನ್ನು ಐದು ನಿಮಿಷ ಮತ್ತೆ ಹಬೆಗಿಟ್ಟರೆ ಅಮೈಲೋಪೆಕ್ಟಿನ್ ಸಾಲು 60 ಡಿಗ್ರಿಯ ಸುಮಾರಿಗೇ ಕರಗಿ, ನೀರು ವಾಪಸಾಗಿ, ಹೆಚ್ಚುಕಡಿಮೆ ಮೊದಲಿನ ಹದ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಕ್ಕಿಯ ಜತೆ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು 98 ಡಿಗ್ರಿಯ ಹಬೆಗೆ ಸಾಯುವುದಿಲ್ಲ. ಭಾದ್ರಪದದ ತೇವದ ಹವೆಯಲ್ಲಿ ಕಡುಬನ್ನು ರಾತ್ರಿಯಿಡೀ ಹೊರಗಿಟ್ಟರೆ ಅವು ಮೊಳೆತು ಹೆಚ್ಚುತ್ತವೆ. ಅವುಗಳಲ್ಲಿ ಕೆಲವು ಸೀರುಲೈಡ್ ಎಂಬ ವಾಂತಿಕಾರಕ ವಿಷ ಬಿಡುತ್ತವೆ. ಮತ್ತೆ ಹಬೆಗಿಟ್ಟರೆ ಬ್ಯಾಕ್ಟೀರಿಯಾ ಸತ್ತೀತು, ವಿಷ ಸಾಯುವುದಿಲ್ಲ. ಪ್ರೆಶರ್ ಕುಕ್ಕರಿನ 120 ಡಿಗ್ರಿಗೂ ಅದು ಜಗ್ಗದು. ಕರಿಗಡುಬಿಗೆ ಈ ಕಾಟ ಕಡಿಮೆ. ಎಣ್ಣೆ ಅದರ ಕಣಕದ ನೀರನ್ನೆಲ್ಲ ಓಡಿಸಿರುತ್ತದೆ, ನೀರಿಲ್ಲದಲ್ಲಿ ಜೀವಾಣು ಬೆಳೆಯದು.

ಹಾಗಾಗಿ ಉಳಿಯುತ್ತದೆ ಎನಿಸಿದರೆ ಬೆಂದ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ಗಟ್ಟಿಯಾಗಲಿ ಬಿಡಿ, ಅದಕ್ಕೆ ಹಬೆಯಲ್ಲಿ ಪರಿಹಾರವಿದೆ. ಹೊರಗೆ ಉಳಿದು ರಾತ್ರಿ ಕಳೆದದ್ದಕ್ಕೆ ಪರಿಹಾರವಿಲ್ಲ. ಹಬೆ ಹಳೆಯ ಕಡುಬನ್ನು ಹೊಸದರ ಹಾಗೆ ಮೆತ್ತಗೆ ಮಾಡೀತು, ತಿನ್ನಲು ಯೋಗ್ಯವಾದದ್ದನ್ನಾಗಿ ಮಾಡಲಾರದು. ಕೈಬೆರಳು ಮೊದಲನೆಯದನ್ನು ಹೇಳಬಲ್ಲದು. ಎರಡನೆಯದಕ್ಕೆ ಗಡಿಯಾರವನ್ನೇ ಕೇಳಬೇಕು.